ಉಪ್ಪಿನಕಾಯಿ ಭರಣಿಯಲ್ಲಿ ಅಲ್ಯೂಮಿನಿಯಂ

ದಸರೆಗೆ ಇನ್ನೂ ವಾರವಿತ್ತು. ಗೋವಾ ಕಡೆಯ ಗಿರಾಕಿಯೊಬ್ಬರು ಗೋಣಿಚೀಲ ಹೊತ್ತು ಬೆಳಗಾವಿಯ ಉದ್ಯಮಬಾಗದ ನನ್ನ ವರ್ಕ್‌ಶಾಪಿಗೆ ಬಂದು, ಎಂಟು ಮುಚ್ಚಳಗಳನ್ನು ಮೇಜಿನ ಮೇಲೆ ಸುರಿದರು. ದೋಣಿಯ ಪಂಪಿಗೆಂದು ಬೇಸಿಗೆಯಲ್ಲಿ ನಾನೇ ಮಾಡಿಕೊಟ್ಟವು. ಆಗ ಹೊಳೆಯುತ್ತಿದ್ದ ಮೈಮೇಲೆ ಈಗ ಬಿಳಿ ಗಂಟುಗಳು. ರಬ್ಬರ್ ರಿಂಗ್ ಕೂರುವ ತೋಡಿನಲ್ಲಿ ಗುಳಿ ಬಿದ್ದು ನೀರು ಜಿನುಗುತ್ತಿತ್ತಂತೆ.

ಮೂವತ್ತು ವರ್ಷ ಲೇಥ್ ಓಡಿಸಿರುವ ನಮ್ಮ ಕಾಕಾ ಒಂದನ್ನು ತಿರುವಿ ನೋಡಿ, “ಸಾಹೇಬರೇ, ನಮ್ಮ ಅವ್ವನ ಜರ್ಮನ್ ಪಾತ್ರೆಯ ತಳವೂ ಹೀಗೇ ಆಗಿತ್ತು” ಎಂದರು. ನಮ್ಮ ಕಡೆ ಅಲ್ಯೂಮಿನಿಯಂ ಪಾತ್ರೆಗೆ ಜರ್ಮನ್ ಪಾತ್ರೆ ಎನ್ನುತ್ತಾರೆ. ಅದರಲ್ಲಿ ಉಪ್ಪುನೀರು, ಹುಣಸೆಹುಳಿ ಇಡಬಾರದೆಂದು ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತು. ಎಂಜಿನಿಯರಿಂಗ್ ಓದಿದ ನನಗೆ ಆ ಹೊತ್ತಿಗೆ ಹೊಳೆದಿರಲಿಲ್ಲ.

ತಪ್ಪು ನನ್ನದೇ. ಬೆಳಗಾವಿಯಲ್ಲಿ ವಿಮಾನದ ಬಿಡಿಭಾಗಗಳ ಕೆಲಸ ನಡೆಯುತ್ತದೆ. ಅಂಥ ಒಂದು ಹಳೆಯ ಜಾಬ್‌ನಿಂದ ಉಳಿದಿದ್ದ, 2024 ಎಂಬ ಸಂಖ್ಯೆಯ ಅಲ್ಯೂಮಿನಿಯಂ ಮಿಶ್ರಲೋಹದ ಸರಳನ್ನೇ ಈ ಮುಚ್ಚಳಗಳಿಗೆ ಬಳಸಿದ್ದೆ. ಗಟ್ಟಿ ಲೋಹ, ಟೂಲ್‌ಗೆ ಚೆನ್ನಾಗಿ ಬಗ್ಗುತ್ತದೆ. ಆದರೆ ಅದರಲ್ಲಿ ನೂರಕ್ಕೆ ನಾಲ್ಕರಷ್ಟು ತಾಮ್ರವಿದೆ.

ಅಲ್ಯೂಮಿನಿಯಂ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆ ತಾನಾಗಿಯೇ ಬೆಳೆದು ಲೋಹವನ್ನು ಕಾಯುತ್ತದೆ. ಉಪ್ಪಿನ ಕ್ಲೋರೈಡ್ ಆ ಪೊರೆಯನ್ನು ದುರ್ಬಲವಾದ ಕಡೆ ಒಡೆಯುತ್ತದೆ. ತಾಮ್ರ ಸೇರಿದ ಕಣಗಳಿದ್ದರೆ ಅವುಗಳ ಅಂಚೇ ಆ ದುರ್ಬಲ ಜಾಗ. ಆ ಕಣಗಳು ಪುಟ್ಟ ಬ್ಯಾಟರಿಯೊಂದರ ಕ್ಯಾಥೋಡ್‌ನಂತೆ ಕುಳಿತು, ಸುತ್ತಲಿನ ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ. ಕರಗಿದ್ದು ಗುಳಿಯೊಳಗಿನ ನೀರಿನೊಂದಿಗೆ ವರ್ತಿಸಿ ಆಮ್ಲ ಹುಟ್ಟಿಸುತ್ತದೆ, ಆಮ್ಲದ ಜೊತೆಗೆ ಇನ್ನಷ್ಟು ಕ್ಲೋರೈಡ್ ಒಳಗೆ ಬರುತ್ತದೆ, ಬಾಯಿಗೆ ಬಿಳಿ ಹೈಡ್ರಾಕ್ಸೈಡ್ ಮುಚ್ಚಿಕೊಳ್ಳುತ್ತದೆ. ಹೊರಗೆ ನೀರು ತಟಸ್ಥವಾಗಿದ್ದರೂ ಆ ಬಿಳಿ ಹೊದಿಕೆಯಡಿ ಹುಳಿ ಕೂಡಿಬೀಳುವುದರಿಂದ ಒಮ್ಮೆ ಶುರುವಾದ ಗುಳಿ ಆಳಕ್ಕೇ ಇಳಿಯುತ್ತದೆ.

ಮುಂದಿನ ಸರಕು ಕೊಡುವ ಮೊದಲು ನಾನೇ ಪರೀಕ್ಷಿಸಬೇಕೆನ್ನಿಸಿತು. ಮನೆಯಿಂದ ಗಾಜಿನ ಉಪ್ಪಿನಕಾಯಿ ಭರಣಿಗಳನ್ನು ತಂದೆ. ಇದಕ್ಕಾಗಿ ಹೆಂಡತಿ ಇನ್ನೂ ಕ್ಷಮಿಸಿಲ್ಲ. 2024, ಇನ್ನೆರಡು ಅಲ್ಯೂಮಿನಿಯಂ ಮಿಶ್ರಲೋಹಗಳಾದ 6061 ಮತ್ತು 5083, ಅನೊಡೈಸ್ ಮಾಡಿದ (ವಿದ್ಯುತ್ತಿನಿಂದ ಆಕ್ಸೈಡ್ ಪೊರೆಯನ್ನು ದಪ್ಪವಾಗಿಸಿದ) 6061: ನಾಲ್ಕು ತುಂಡುಗಳನ್ನು ಎಮರಿ ಕಾಗದದಿಂದ ಉಜ್ಜಿ, ಸ್ಪಿರಿಟ್‌ನಿಂದ ಒರೆಸಿ, ನೈಲಾನ್ ದಾರದಲ್ಲಿ ಇಳಿಬಿಟ್ಟೆ. ಅನೊಡೈಸ್ ಆದದ್ದನ್ನು ಒರೆಸಿದೆನಷ್ಟೆ. ಐದನೆಯ ಭರಣಿಯಲ್ಲಿ 6061 ತುಂಡಿಗೆ ಸ್ಟೇನ್‌ಲೆಸ್ ಬೋಲ್ಟ್ ಬಿಗಿದೆ. ಸಾವಿರ ಗ್ರಾಂ ದ್ರಾವಣಕ್ಕೆ 35 ಗ್ರಾಂ ಉಪ್ಪು, ಸಮುದ್ರದ ನೀರಿಗೆ ಹತ್ತಿರದ ಪ್ರಮಾಣ. ಅಡುಗೆಯ ಉಪ್ಪಲ್ಲ, ಪ್ರಯೋಗಾಲಯದ ಶುದ್ಧ ಉಪ್ಪು. ನಲ್ಲಿಯ ನೀರಲ್ಲ, ಬ್ಯಾಟರಿಯ ಡಿಸ್ಟಿಲ್ಡ್ ನೀರು.

ಮೊದಲ ಸಲ ಎಲ್ಲ ಕೆಟ್ಟಿತು. ಆವಿಯಾದಷ್ಟನ್ನೂ ಉಪ್ಪುನೀರಿನಿಂದಲೇ ತುಂಬಿಸುತ್ತಾ ಬಂದಿದ್ದೆ. ಆವಿಯಾಗುವುದು ನೀರು ಮಾತ್ರ, ಹಾಗಾಗಿ ದ್ರಾವಣ ಗಟ್ಟಿಯಾಗುತ್ತಾ ಹೋಗಿತ್ತು. ಎರಡನೆಯ ಸಲ ಭರಣಿಗೆ ಗೆರೆ ಎಳೆದು ಬರಿ ನೀರು ಸೇರಿಸಿದೆ.

ಮೂವತ್ತು ದಿನಗಳ ನಂತರ ತುಂಡುಗಳನ್ನು ತೊಳೆದು ಒಣಗಿಸಿ, ಶಹಾಪುರದ ಸರಾಫರೊಬ್ಬರ ಮಿಲಿಗ್ರಾಂ ತಕ್ಕಡಿಯಲ್ಲಿಟ್ಟೆ. 2024ರ ತೂಕ ಹೆಚ್ಚಾಗಿತ್ತು! ಅವರು ನಕ್ಕು, “ಬಂಗಾರಕ್ಕೆ ಹೀಗಾಗುವುದಿದ್ದರೆ ಚೆನ್ನಾಗಿತ್ತು ರೀ” ಎಂದರು. ಅಂಟಿಕೊಂಡ ಬಿಳಿ ಪದಾರ್ಥವೂ ತೂಗಿತ್ತಷ್ಟೆ. ತುಕ್ಕು ಪರೀಕ್ಷೆಯ ತುಂಡುಗಳನ್ನು ಶುಚಿಮಾಡುವ ಎಎಸ್‌ಟಿಎಂ ಜಿ1 ಪದ್ಧತಿ ಹೇಳುವಂತೆ ಗಟ್ಟಿ ನೈಟ್ರಿಕ್ ಆಮ್ಲದಲ್ಲಿ ಮೂರು ನಿಮಿಷ ಅದ್ದಿ, ಅಂಗಳದಲ್ಲಿ ಕೈಗವಸು ಕನ್ನಡಕ ಹಾಕಿಕೊಂಡು ತೊಳೆದ ಮೇಲೆ ತೂಕ ಇಳಿಯಿತು. ಆದರೂ ನಷ್ಟ ಒಟ್ಟು ತೂಕದ ನೂರನೆಯ ಒಂದು ಪಾಲಿಗಿಂತ ಕಡಿಮೆ. ತಕ್ಕಡಿಯನ್ನೇ ನಂಬಿದ್ದರೆ ಆ ಲೋಹಕ್ಕೆ ಏನೂ ಆಗಿಲ್ಲ ಎನ್ನಬೇಕಿತ್ತು.

ಹಾಗಾಗಿ ಆಳವನ್ನೇ ಅಳೆದೆ. ಸ್ನೇಹಿತನ ಹಳೆಯ ಸೂಕ್ಷ್ಮದರ್ಶಕದಲ್ಲಿ ಮೊದಲು ಗುಳಿಯ ಅಂಚು ಸ್ಪಷ್ಟವಾಗುವಂತೆ ತಿರುಗಣೆ ತಿರುಗಿಸಿ, ಬಳಿಕ ತಳ ಸ್ಪಷ್ಟವಾಗುವವರೆಗೆ ಇಳಿಸಿ, ತಿರುಗಣೆಯ ಗೆರೆಗಳನ್ನು ಎಣಿಸುವುದು. 2024ರಲ್ಲಿ ಎಲ್ಲಕ್ಕಿಂತ ಆಳದ್ದು 0.18 ಮಿಲಿಮೀಟರ್. ಸಾಸಿವೆಗಿಂತ ಸಣ್ಣ ಬಾಯಿ, ಒಳಗೆ ಅಗಲವಾದ ಹೊಟ್ಟೆ. ಸೂಜಿಮೊನೆ ಇಟ್ಟರೆ ಒಂದು ಕಡೆ ಅಂಚಿನಡಿ ಜಾರಿಕೊಂಡಿತು. 6061ರಲ್ಲಿ ಇದರ ಮೂರನೆಯ ಒಂದು ಪಾಲು. 5083ರಲ್ಲಿ ಎಣಿಸುವಂಥದ್ದೇನೂ ಇರಲಿಲ್ಲ. ಅದರಲ್ಲಿ ಮುಖ್ಯವಾಗಿ ಸೇರಿರುವುದು ಮೆಗ್ನೀಸಿಯಂ, ತಾಮ್ರ ಇಲ್ಲವೆನ್ನುವಷ್ಟು ಕಡಿಮೆ. ಅನೊಡೈಸ್ ಆದದ್ದು ಚೆನ್ನಾಗಿತ್ತು, ದಾರ ಕಟ್ಟುವಾಗ ನನ್ನ ಇಕ್ಕಳ ಗೀರಿದ ಕಡೆ ಮಾತ್ರ ಒಂದು ಬಿಳಿ ಚುಕ್ಕೆ ಎದ್ದಿತ್ತು.

ಬೋಲ್ಟ್ ಇದ್ದ ತುಂಡಿನ ಮುಖ ಬರಿ 6061ಗಿಂತ ಕೆಟ್ಟಿತ್ತು, ಅದರಲ್ಲೂ ವಾಶರ್ ಬಿಚ್ಚಿದಾಗ ಅದರಡಿ ಉಂಗುರದಂತೆ ಗುಳಿಗಳ ಸಾಲು. ಗಿರಾಕಿಯ ಮುಚ್ಚಳಗಳಲ್ಲೂ ಬೋಲ್ಟಿನ ಸುತ್ತ ಇದೇ ಉಂಗುರವಿತ್ತು, ನಾನು ಗಮನಿಸಿರಲಿಲ್ಲ.

ಹೊಸ ಮುಚ್ಚಳಗಳನ್ನು 5083 ಫಲಕದಲ್ಲಿ ಮಾಡಿ, ತೋಡಿನ ಮೂಲೆಗಳನ್ನು ದುಂಡಗಾಗಿಸಿ, ಲೋಹಕ್ಕೆ ಲೋಹ ತಾಗದಂತೆ ಬೋಲ್ಟಿಗೆ ನೈಲಾನ್ ಕೊಳವೆ ಮತ್ತು ವಾಶರ್ ಹಾಕಿದೆ. ಹಳೆಯ ಎಂಟಕ್ಕೆ ಹಣ ತೆಗೆದುಕೊಳ್ಳಲಿಲ್ಲ. ಅದೇ ಜೋಡಣೆಯ ಒಂದು ತುಂಡು ಇನ್ನೂ ಕಿಟಕಿಯ ಬಳಿ ಭರಣಿಯಲ್ಲಿದೆ. ಸೋಮವಾರ ಸೋಮವಾರ ಗೆರೆಯವರೆಗೆ ನೀರು ಹಾಕುವುದು ಕಾಕಾ ಅವರ ಕೆಲಸ.