ಸರ್‌ನೇಮ್ ಪಟ್ಟಿ ಹಿಡಿದು ಕೆಜಿಎಫ್‌ನಿಂದ ಕಾರ್ನ್‌ವಾಲ್‌ಗೆ

ನನ್ನ ಹೆಂಡತಿಯ ಮುತ್ತಜ್ಜ ಕೋಲಾರದ ಚಿನ್ನದ ಗಣಿಗೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಬಂದವರು. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಗಣಿ ನಡೆಸೋಕೆ ಶುರು ಮಾಡಿದ ಮೇಲೆ ಆ ಕಡೆಯ ಗಣಿ ಕೆಲಸದವರು ತುಂಬ ಜನ ಬಂದರು. ಮನೆಯವರಿಗೆ ಗೊತ್ತಿದ್ದದ್ದು ಯುರೆನ್ ಅನ್ನೋ ಸರ್‌ನೇಮು, ಕ್ಯಾಂಬೋರ್ನ್ ಅನ್ನೋ ಊರು, ಅಷ್ಟೇ. ಚರ್ಚಿನ ಮದುವೆ ದಾಖಲೆಯಲ್ಲಿ ಅವರ ಅಪ್ಪನ ಹೆಸರು ವಿಲಿಯಂ ಅಂತ ಸಿಕ್ಕಿತು. ಆ ಊರಲ್ಲಿ ಮನೆಗೊಬ್ಬ ವಿಲಿಯಂ ಇದ್ದ ಕಾಲ ಅದು.

ದುಡ್ಡು ಕಟ್ಟೋ ದೊಡ್ಡ ವೆಬ್‌ಸೈಟುಗಳಿಗೆ ನಾನು ಮೊದಲೇ ಹೋಗಲಿಲ್ಲ. ಇಂಗ್ಲೆಂಡಿನ ಒಂದೊಂದು ಜಿಲ್ಲೆಯಲ್ಲೂ ವಂಶ ಹುಡುಕುವವರ ಸಂಘಗಳಿವೆ. ಅವರು 1851ರ ಜನಗಣತಿಯನ್ನು ಓದಿ, ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶ) ಪ್ರಕಾರ ಸರ್‌ನೇಮ್ ಪಟ್ಟಿ ಮಾಡಿ ಸಣ್ಣ ಪುಸ್ತಕಗಳನ್ನು ತಂದಿದ್ದಾರೆ. ಎಷ್ಟೋ ಪುಸ್ತಕಗಳಲ್ಲಿ ಹೆಸರಿನ ಮುಂದೆ ಫೋಲಿಯೊ ನಂಬರು, ಅಂದ್ರೆ ಜನಗಣತಿ ಪುಸ್ತಕದ ಹಾಳೆಯ ನಂಬರು, ಬಿಟ್ಟರೆ ಬೇರೇನೂ ಇರಲ್ಲ. ಆದರೂ ನನಗೆ ಇದೇ ಇಷ್ಟ, ಯಾಕಂದ್ರೆ ಪಟ್ಟಿ ಮಾಡಿದವರು ಅದೇ ಊರಿನವರು, ಗೀಚಿದ ಅಕ್ಷರ ನೋಡಿದ ತಕ್ಷಣ ಇದು ಯಾವ ಮನೆತನ ಅಂತ ಅವರಿಗೆ ಹೊಳೆಯುತ್ತೆ. ಯುರೆನ್, ಯೂರಿನ್, ಯುರನ್ ಎಲ್ಲ ಹತ್ತಿರ ಹತ್ತಿರ ಕಣ್ಣಿಗೆ ಬೀಳುತ್ತವೆ. ಬಾಕಿ ವರ್ಷಗಳಿಗೆ ಸ್ವಯಂಸೇವಕರೇ ನಡೆಸೋ ಫ್ರೀಸೆನ್ ಅನ್ನೋ ಜನಗಣತಿ ವೆಬ್‌ಸೈಟ್ ಇದೆ. ಬಿಟ್ಟಿ.

ಫೋಲಿಯೊ ನಂಬರಿನ ವಿಷಯ ಸ್ವಲ್ಪ ಗಮನಿಸಿ. ಅದನ್ನು ಹಾಳೆಯ ಮುಂಭಾಗದಲ್ಲಿ, ಬಲ ಮೇಲ್ತುದಿಯಲ್ಲಿ ಮಾತ್ರ ಮುದ್ರೆ ಒತ್ತಿರುತ್ತಾರೆ, ಹಿಂಭಾಗಕ್ಕೆ ನಂಬರೇ ಇಲ್ಲ. ಹಾಗಾಗಿ ಪಟ್ಟಿಯಲ್ಲಿ 214 ಅಂತಿದ್ದರೆ ಎರಡೂ ಬದಿ ನೋಡಬೇಕು. ಸಂಸಾರ ಹಿಂದಿನ ಪುಟದಲ್ಲೇ ಶುರುವಾಗಿದ್ದರೆ ಅದನ್ನೂ ತಿರುವಬೇಕು. ವಯಸ್ಸಿನ ಮೇಲೆ ಗುಮಾಸ್ತರು ಎಣಿಸುವಾಗ ಎಳೆದ ಗೀಟುಗಳಿರುತ್ತವೆ, 3 ಹೋಗಿ 8 ಆಗಿ ಕಾಣುತ್ತೆ.

ಕ್ಯಾಂಬೋರ್ನ್ ಒಂದೇ ಅಲ್ಲ, ಪಕ್ಕದ ಇಲ್ಲೋಗನ್, ಕ್ರೋವನ್ ಪ್ಯಾರಿಷ್‌ಗಳ ಯುರೆನ್‌ಗಳನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡೆ. ವಯಸ್ಸು ಹೊಂದುವ ವಿಲಿಯಂ ಇಬ್ಬರು ಉಳಿದರು. ಒಬ್ಬನ ಮನೆಯಲ್ಲಿ 1871ರಲ್ಲೂ 1881ರಲ್ಲೂ ನಮ್ಮ ಮುತ್ತಜ್ಜನ ಹೆಸರಿನ ಮಗು ಇಲ್ಲವೇ ಇಲ್ಲ. ಇನ್ನೊಬ್ಬನದು 1851ರಲ್ಲಿ ತಾಮ್ರದ ಗಣಿಯವರ ಮನೆ, ಅಕ್ಕ ಅದಿರು ಒಡೆಯೋ ಕೆಲಸದವಳು. 1871ರ ಹೊತ್ತಿಗೆ ಅದೇ ವಿಲಿಯಂನ ಮನೆಯಲ್ಲಿ ಎರಡು ವರ್ಷದ ಗಂಡು ಮಗು, ಹೆಸರು ನಮಗೆ ಬೇಕಾದದ್ದೇ! ಆದರೆ ಅಪ್ಪ ಮನೆಯಲ್ಲಿಲ್ಲ, ಹೆಂಡತಿಯ ಮುಂದೆ 'ಗಂಡ ಪರದೇಶದಲ್ಲಿ' ಅಂತ ಬರೆದಿದೆ. 1866ರಲ್ಲಿ ತಾಮ್ರದ ಬೆಲೆ ಕುಸಿದ ಮೇಲೆ ಕಾರ್ನ್‌ವಾಲ್‌ನಲ್ಲಿ ಇದು ಮಾಮೂಲಿ. ಅಂದ್ರೆ ಮಗ ಕೋಲಾರಕ್ಕೆ ಬರೋ ಮುಂಚೆಯೇ ಅಪ್ಪನೂ ದೇಶ ಬಿಟ್ಟು ಹೋಗಿ ದುಡಿದವನೇ.

ನನ್ನ ಕಡೆಯವರನ್ನು ಹೀಗೆ ಹುಡುಕೋ ಮಾತೇ ಇಲ್ಲ. ನಮಗೆ ಸರ್‌ನೇಮ್ ಇಲ್ಲ, ಇರೋದು ಬರೀ ಇನಿಷಿಯಲ್ಲು, ಜೊತೆಗೆ ನಮ್ಮ ದೇಶದ ಜನಗಣತಿಯಲ್ಲಿ ಮನೆಮನೆಯ ವಿವರ ಹೊರಗಿನವರಿಗೆ ತೋರಿಸಲ್ಲ. ಅಲ್ಲಿ ನೂರು ವರ್ಷ ಕಳೆದರೆ ಎಲ್ಲರಿಗೂ ಮುಕ್ತ.

ಈಗ 1841ಕ್ಕೆ ಕೈ ಹಾಕಿದ್ದೇನೆ. ಅದರಲ್ಲಿ ಹದಿನೈದು ದಾಟಿದವರ ವಯಸ್ಸನ್ನು ಸಾಮಾನ್ಯವಾಗಿ ಐದರ ಲೆಕ್ಕಕ್ಕೆ ಇಳಿಸಿದ್ದಾರೆ, 34ರವರು 30 ಆಗಿರುತ್ತಾರೆ. ಹುಟ್ಟೂರಿನ ಬದಲು ಅದೇ ಜಿಲ್ಲೆಯವರಾ ಅಲ್ವಾ ಅಂತ ಮಾತ್ರ ಇದೆ. ಅದಕ್ಕೇ 1851ರಿಂದ ಹಿಂದಕ್ಕೆ ಹೋಗೋದು ವಾಸಿ.