ಬ್ಯಾಂಕಾಕ್ ಗಾಡಿ ಊಟ ಸಸ್ಯಾಹಾರಿಗೂ ಆಗುತ್ತೆ: ನನ್ನ ಅನುಭವ

ಬ್ಯಾಂಕಾಕ್‌ಗೆ ಹೊರಟ ಸಸ್ಯಾಹಾರಿಗೆ ಎಲ್ಲರೂ ಹೇಳೋದು ಒಂದೇ: ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡು ಹೋಗು, ಬೀದಿ ಗಾಡಿ ಹತ್ತಿರ ಸುಳಿಯಬೇಡ. ನನಗೂ ಹಾಗೇ ಹೇಳಿದ್ದರು. ಮೂರನೇ ಪ್ರವಾಸದಲ್ಲಿ ಎಂಟು ದಿನ ಮೂರು ಹೊತ್ತೂ ಗಾಡಿಯಲ್ಲೇ ತಿಂದೆ. ದಿನಕ್ಕೆ ಹೆಚ್ಚುಕಮ್ಮಿ 230–250 ಬಾತ್ (ಅಲ್ಲಿನ ಹಣ) ಸಾಕಾಯಿತು. ಮೊದಲ ಸಲ ಇಂಡಿಯನ್ ಹೋಟೆಲುಗಳಲ್ಲಿ ಒಂದು ಹೊತ್ತಿಗೇ 350 ಬಾತ್ ಸುರಿದಿದ್ದೆ. ಆಗ ಒಂದು ಬಾತ್‌ಗೆ ಎರಡೂವರೆ ರೂಪಾಯಿ ಹತ್ತಿರವಿತ್ತು ಅಂತ ನೆನಪು.

ಸೋತದ್ದೆಲ್ಲ ಮಾತಿನಲ್ಲಿ. "ವೆಜಿಟೇರಿಯನ್" ಅಂದರೆ ಮಾಂಸದ ತುಂಡು ಬಿಟ್ಟು ನಾಂ ಪ್ಲಾ, ಅಂದರೆ ಮೀನಿನ ಸಾಸ್, ಹಾಕಿಯೇ ಕೊಡುತ್ತಾರೆ. ಅಲ್ಲಿ ಅದು ಉಪ್ಪಿನ ಜಾಗದಲ್ಲಿರುವ ವಸ್ತು, ಅದನ್ನು ಮಾಂಸ ಅಂತ ಯಾರೂ ಎಣಿಸಲ್ಲ. "ಮಾಯ್ ಆವ್ ನೂಅ", ಅಂದರೆ ನೂಅ ಬೇಡ, ಅನ್ನೋದು ಇನ್ನೂ ಕೆಟ್ಟದ್ದು. ಆಡುಮಾತಿನಲ್ಲಿ ನೂಅ ಅಂದರೆ ದನದ ಮಾಂಸ, ಹಾಗಾಗಿ ಅದು ಬಿಟ್ಟು ಹಂದಿಯದು ಬರುತ್ತೆ. ಎರಡು ತಟ್ಟೆ, ಸುಮಾರು 120 ಬಾತ್, ಮುಟ್ಟದೆ ಬಿಟ್ಟು ಎದ್ದೆ. "ಮಾಂಗ್‌ಸವಿರತ್" ಅನ್ನುವ ಪದ ಕೇಳಿದರೆ ನಮಗೆ ಅರ್ಥ ಹೇಳಬೇಕಿಲ್ಲ, ನೇರ ಮಾಂಸವಿರತಿ. ಆದರೆ ಅದರಲ್ಲಿ ಮೊಟ್ಟೆ, ಹಾಲು ನಡೆಯುತ್ತೆ. ನಾಂ ಪ್ಲಾ ಬಿಡಬೇಕು ಅನ್ನೋದು ಗಾಡಿಯವರಿಗೆ ಹೊಳೆಯೋದೂ ಗ್ಯಾರಂಟಿ ಇಲ್ಲ.

ಕೆಲಸ ಮಾಡಿದ ಪದ "ಚೇ". ಚೀನೀ ಮೂಲದ ಥಾಯ್ ಜನರ ವ್ರತದ ಊಟ ಅದು. ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ, ಜೊತೆಗೆ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಈರುಳ್ಳಿ ಬಿಟ್ಟವರಿಗೂ ಚಿಂತೆಯಿಲ್ಲ. ಗಂಡಸರು "ಫೊಮ್ ಕಿನ್ ಚೇ ಖ್ರಪ್", ಹೆಂಗಸರು "ಛಾನ್ ಕಿನ್ ಚೇ ಖಾ" ಅನ್ನಬೇಕು, ನಾನು ಚೇ ತಿನ್ನೋದು ಅಂತ. ಫ ಅನ್ನೋದನ್ನು ಇಂಗ್ಲಿಷಿನ ಎಫ್ ಥರ ಅನ್ನಬೇಡಿ, ಹಳೇ ಮೇಷ್ಟ್ರು ಹೇಳಿಕೊಟ್ಟ ಮಹಾಪ್ರಾಣವೇ ಬೇಕು. ಚೇ ಮಾತ್ರ ಅಲ್ಪಪ್ರಾಣ, ದನಿ ಏರಿಳಿಯದೆ ಸಮನಾಗಿ ಎಳೆಯಬೇಕು. ಬೇಸರದ "ಛೇ!" ಥರ ಅಂದರೆ ಅವರಿಗೆ ಗೊತ್ತಾಗಲ್ಲ.

ಗುರುತು: ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ, ನೋಡಲು 17 ಬರೆದ ಹಾಗಿರುತ್ತೆ. ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಬರುವ ಒಂಬತ್ತು ದಿನದ ಚೇ ಹಬ್ಬಕ್ಕೆ ಬ್ಯಾಂಕಾಕ್‌ನ ಚೈನಾಟೌನ್ ಆದ ಯಾವರತ್ ತುಂಬ ಇದೇ ಬಾವುಟ. ಹಬ್ಬ ಮುಗಿದ ಮೇಲೂ ಕೆಲವರು ಬಿಚ್ಚಲ್ಲ. ಬಾವುಟ ಮಾಸಿದ್ದರೆ ಟ್ರೇಗಳನ್ನು ಒಮ್ಮೆ ನೋಡಿ, ಮೊಟ್ಟೆ ಕಂಡರೆ ಮುಂದಕ್ಕೆ ನಡೆಯಿರಿ. ವರ್ಷವಿಡೀ ಇರುವ ಚೇ ಅಂಗಡಿಯಲ್ಲಿ ಹತ್ತು ಹನ್ನೆರಡು ಟ್ರೇ, ಅನ್ನದ ಮೇಲೆ ಎರಡು ಪಲ್ಯ, 40–60 ಬಾತ್. ಬಾತುಕೋಳಿ, ಹಂದಿಯಂತೆ ಕಾಣುವ ತುಂಡುಗಳೆಲ್ಲ ಗೋಧಿಯ ಅಂಟು, ಸೋಯಾ, ಅಣಬೆ. ಸಮಯ ಮುಖ್ಯ: ಹನ್ನೊಂದರೊಳಗೆ ಹೋಗಬೇಕು. ಎರಡು ಗಂಟೆಗೆ ಹೋದಾಗ ಉಳಿದಿದ್ದು ತೆಂಗಿನಹಾಲಿನ ಕರಿ ಒಂದೇ, ಆ ಸೆಕೆಯಲ್ಲಿ ಬೆಳಗ್ಗಿನಿಂದ ಕೂತಿದ್ದು. ತಿಂದೆ, ಒಂದು ದಿನ ರೂಮಿನಲ್ಲೇ ಮಲಗಿದೆ. ಹುಣ್ಣಿಮೆ, ಅಮಾವಾಸ್ಯೆ, ಅಷ್ಟಮಿಗಳು ಬೌದ್ಧರ ವಾನ್ ಫ್ರಾ, ಅಂದರೆ ಪವಿತ್ರ ದಿನ. ಆ ದಿನ ಚೇ ತಿನ್ನುವವರು ಹೆಚ್ಚು, ಟ್ರೇಗಳೂ ಹೆಚ್ಚು. ನಮ್ಮ ಪಂಚಾಂಗ ನೋಡಿಕೊಂಡು ಹೋದರೆ ಹೆಚ್ಚುಕಮ್ಮಿ ಹೊಂದುತ್ತೆ.

ಇನ್ನು ಚೇ ಅಲ್ಲದ ಗಾಡಿ. ಹಸಿ ಪಪಾಯಿಯ ಕೋಸಂಬರಿ, ಸೋಂ ತಾಂ, ತಿನ್ನದೆ ಹಿಂತಿರುಗಲು ಮನಸ್ಸಿರಲಿಲ್ಲ. ಸೆವೆನ್ ಇಲೆವೆನ್ ಅಂಗಡಿಯಲ್ಲಿ ಮಗುವಿನ ಚಿತ್ರವಿರುವ ಹೆಲ್ದಿ ಬಾಯ್ ತಿಳಿ ಸೋಯಾ ಸಾಸ್ ಸಣ್ಣ ಬಾಟಲಿ, 20–25 ಬಾತ್ ಇರಬೇಕು, ತಗೊಂಡು ಜೇಬಲ್ಲಿ ಇಟ್ಟುಕೊಂಡೆ. ಅವರು ಮೊದಲು ಮೆಣಸಿನಕಾಯಿ, ಬೆಳ್ಳುಳ್ಳಿ ಜಜ್ಜುತ್ತಾರೆ, ಮರುಕ್ಷಣವೇ ತಾಳೆಬೆಲ್ಲ, ನಿಂಬೆ, ನಾಂ ಪ್ಲಾ ಬೀಳುತ್ತೆ. ಪಪಾಯಿ ಬರುವುದು ಕೊನೆಗೆ. ಹಾಗಾಗಿ ಒನಕೆ ಎತ್ತುವ ಮೊದಲೇ ಬಾಟಲಿ ಕೈಗೆ ಕೊಡಬೇಕು: "ಮಾಯ್ ಸಾಯ್ ನಾಂ ಪ್ಲಾ, ಮಾಯ್ ಸಾಯ್ ಕುಂಗ್ ಹ್ಯಾಂಗ್". ಎರಡನೆಯದು ಒಣಸೀಗಡಿ ಬೇಡ ಅಂತ. ಎರಡು ಚಮಚ ಸೋಯಾ, ಚಿಟಿಕೆ ಉಪ್ಪು, ನಿಂಬೆ ಅರ್ಧ ಹೋಳು ಜಾಸ್ತಿ. ಬರೀ ಸೋಯಾ ಹಾಕಿದರೆ ರುಚಿ ಮಂಕಾಗುತ್ತೆ. ಒರಳಿನಲ್ಲಿ ಹಿಂದಿನವರ ರಸ ಉಳಿದಿರುತ್ತೆ, ಬಟ್ಟೆಯಲ್ಲಿ ಒರೆಸಿದರೆ ಹೋಗಲ್ಲ. ಗಾಡಿ ತೆರೆದ ಕೂಡಲೇ ಮೊದಲ ಗಿರಾಕಿಯಾಗಿ ಹೋಗೋದು ನನ್ನ ಉಪಾಯ.

ಈ ಬಾಟಲಿ ಪ್ಯಾಡ್ ಥಾಯ್ ಅನ್ನುವ ಹುರಿದ ನೂಡಲ್ಸ್‌ಗೆ ನಡೆಯಲ್ಲ. ಅದರ ಹುಣಸೆ ಸಾಸ್ ಬೆಳಗ್ಗೆಯೇ ನಾಂ ಪ್ಲಾ ಬೆರೆಸಿ ಕಾಯಿಸಿಟ್ಟಿರುತ್ತಾರೆ. ಹಸಿರು, ಕೆಂಪು ಕರಿಯ ಮಸಾಲೆಯಲ್ಲೇ ಕಪಿ ಅನ್ನುವ ಸೀಗಡಿ ಪೇಸ್ಟ್ ಇರುತ್ತೆ. ನೂಡಲ್ ಸೂಪಿನ ಸಾರು ಮೂಳೆಯದು. ಈ ಮೂರನ್ನೂ ಚೇ ಅಂಗಡಿಯಲ್ಲೇ ತಿನ್ನಿ. ಕರಿದ ಬಾಳೆಹಣ್ಣಿಗೆ ಯಾವ ಎಣ್ಣೆ ಅಂತ ಕೇಳಿ, "ನಾಂ ಮನ್ ಮೂ" ಅಂದರೆ ಹಂದಿ ಕೊಬ್ಬು.

ಹಣದಲ್ಲಿ ಒಂದು ಪೆಟ್ಟು: ನಾನು ಹೋದಾಗ ಎಟಿಎಂನಲ್ಲಿ ನಮ್ಮ ಕಾರ್ಡಿಗೆ ಸಲಕ್ಕೆ 220 ಬಾತ್ ಶುಲ್ಕವಿತ್ತು, ಅದು ಹೆಚ್ಚುಕಮ್ಮಿ ಒಂದು ದಿನದ ಊಟ. ಒಂದೇ ಸಲ ತೆಗೆದು, 1000ದ ನೋಟನ್ನು ನೀರಿನ ಬಾಟಲಿ ಕೊಂಡು ಒಡೆಸಿಕೊಳ್ಳಿ.

ಮಾವು–ಅಂಟಕ್ಕಿಗೆ ಏಪ್ರಿಲ್, ಮೇ ಸರಿಯಾದ ಕಾಲ, ನಾಂ ದೋಕ್ ಮಾಯ್ ತಳಿಯ ಹಣ್ಣು ಕೇಳಿ ತಗೊಳ್ಳಿ. ಅನ್ನ ಫ್ರಿಜ್‌ನಿಂದ ತೆಗೆದರೆ ಬೇಡ, ಗಟ್ಟಿಯಾಗಿರುತ್ತೆ.

ನನಗೆ ಹುಚ್ಚು ಹಿಡಿಸಿದ್ದು ಖನೋಂ ಕ್ರೋಕ್. ನಮ್ಮ ಪಡ್ಡು ಹಂಚೇ, ಹಿಟ್ಟು ಮಾತ್ರ ಎರಡು ಬಗೆ. ತೆಳು ಅಕ್ಕಿಹಿಟ್ಟು ಮುಕ್ಕಾಲು ಗುಳಿ ಹುಯ್ದು, ಅಂಚು ಕಟ್ಟಿದ ಕೂಡಲೇ ಸಿಹಿ–ಉಪ್ಪಿನ ಗಟ್ಟಿ ತೆಂಗಿನಹಾಲು ಮೇಲೆ ಹಾಕಿ ಮುಚ್ಚುತ್ತಾರೆ. ತಳ ಗರಿಗರಿ, ನಡು ಗಂಜಿಯಂತೆ ಅಲುಗುತ್ತಿರುತ್ತೆ. ಎರಡು ಅರ್ಧ ಸೇರಿಸಿ ಒಂದು. ಡಬ್ಬಿಗೆ 30–40 ಬಾತ್. ಮೇಲೆ ಈರುಳ್ಳಿ ಸೊಪ್ಪು ಬೇಡವಾದರೆ ಮೆಕ್ಕೆಜೋಳದ್ದು ತಗೊಳ್ಳಿ.

ಬೆಂಗಳೂರಿಗೆ ಬಂದು ಮಾಡಿ ನೋಡಿದೆ. ಮೊದಲ ಮೂರು ಒಬ್ಬೆ ತಳ ಹಿಡಿದವು, ನಾನ್‌ಸ್ಟಿಕ್ ಹಂಚಿನಲ್ಲಿ ಗರಿಯೇ ಆಗಲಿಲ್ಲ. ಕಬ್ಬಿಣದ ಹಂಚಿಗೆ ಬದಲಾಯಿಸಿ, ಒಂದು ಲೋಟ ಅಕ್ಕಿಹಿಟ್ಟಿಗೆ ಎರಡು ಚಮಚ ಅನ್ನ ರುಬ್ಬಿ ಸೇರಿಸಿ, ಒಂದೂವರೆ ಲೋಟ ತೆಳು ತೆಂಗಿನಹಾಲಿನಲ್ಲಿ ಕಲಸಿದ ಮೇಲೆ ಎದ್ದು ಬಂದವು. ಮೇಲಿನದಕ್ಕೆ ಒಂದು ಲೋಟ ಗಟ್ಟಿ ಹಾಲು, ಮೂರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ನಮ್ಮ ಗುಳಿ ಆಳ ಜಾಸ್ತಿ, ಅರ್ಧಕ್ಕಿಂತ ಮೇಲೆ ಹಿಟ್ಟು ಹುಯ್ದರೆ ನಡು ಹಸಿ ಉಳಿಯುತ್ತೆ.