ಸೂಜಿಗೆ ದಾರ ಪೋಣಿಸಿದ ಲೆಕ್ಕ

ಖಿನ್ನತೆಗೆ ಕೊಟ್ಟ ಸರ್ಟ್ರಾಲಿನ್ ಮಾತ್ರೆಯನ್ನು ನಾನು ಎರಡು ಸಲ ಅರ್ಧಕ್ಕೇ ಬಿಟ್ಟವಳು. ಮೂರನೆಯ ಸಲ ಶುರು ಮಾಡುತ್ತೇನೆ ಎಂದಾಗ ಅತ್ತಿಗೆ, "ಮತ್ತೆ ಹದಿನೈದು ದಿನ ಮಲಗಿಬಿಡುತ್ತೀಯ, ಮದುವೆ ಸೀಸನ್ನಿನ ಹೊಲಿಗೆ ಯಾರು ನೋಡಬೇಕು?" ಎಂದರು. ಈಗ ಹತ್ತು ತಿಂಗಳಾಯಿತು. ಮಾತ್ರೆ ಒಂದು ದಿನವೂ ತಪ್ಪಿಲ್ಲ. ದಾವಣಗೆರೆಯ ನನ್ನ ಟೈಲರಿಂಗ್ ಅಂಗಡಿಯ ಬಾಗಿಲು ಇದಕ್ಕಾಗಿ ಮುಚ್ಚಿದ್ದು ಎರಡೇ ದಿನ.

ಮೊದಲ ಸಲ, 2019ರಲ್ಲಿ, ನೇರವಾಗಿ 50 ಮಿಲಿಗ್ರಾಂ. ಬೆಳಿಗ್ಗೆ ಆರಕ್ಕೆ ಖಾಲಿ ಹೊಟ್ಟೆಯಲ್ಲಿ ಚಹಾದ ಜೊತೆ ನುಂಗಿದೆ. ವಾಕರಿಕೆ, ಭೇದಿ. ನಾಲ್ಕನೆಯ ದಿನಕ್ಕೆ ಬಿಟ್ಟೆ. ಡಾಕ್ಟರ ಫೀಸು 500 ರೂಪಾಯಿ, ಉಳಿದ ಮಾತ್ರೆ, ಮೂರು ಕುಪ್ಪಸಗಳ ಮುಂಗಡ ಎಲ್ಲವೂ ಹೋದವು.

ಎರಡನೆಯ ಸಲ ರಾತ್ರಿ ತೆಗೆದುಕೊಂಡೆ. ನಿದ್ದೆಯಲ್ಲಿ ವಾಕರಿಕೆ ಗೊತ್ತಾಗುವುದಿಲ್ಲ ಎಂದು ಯಾರೋ ಹೇಳಿದ್ದರು. ಕೆಲವರಿಗೆ ಅದು ಹೊಂದುತ್ತದೆ. ನನಗೆ ನಿದ್ದೆಯೇ ಹಾರಿಹೋಯಿತು, ಮೂರು ಗಂಟೆಯವರೆಗೆ ಎಚ್ಚರ. ಐದು ವಾರ ತಾಳಿಕೊಂಡು ಒಂದು ದಿನ ಯಾರನ್ನೂ ಕೇಳದೆ ನಿಲ್ಲಿಸಿದೆ. ಅದು ಎಲ್ಲಕ್ಕಿಂತ ದೊಡ್ಡ ತಪ್ಪು. ಎರಡು ಮೂರು ದಿನಗಳಲ್ಲಿ ಕತ್ತು ತಿರುಗಿಸಿದರೆ ಸಾಕು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ. ಕಟಿಂಗ್ ಟೇಬಲ್ ತೇಲುತ್ತಿರುವಂತೆ ಕಾಣುತ್ತಿತ್ತು. ಆ ಸ್ಥಿತಿಯಲ್ಲೇ ಒಬ್ಬರ ರೇಷ್ಮೆ ಕುಪ್ಪಸದ ತೋಳನ್ನು ಉಲ್ಟಾ ಕತ್ತರಿಸಿ, ಬಟ್ಟೆಗೆ ಸುಮಾರು 1,800 ರೂಪಾಯಿ ತುಂಬಿಕೊಟ್ಟೆ. ಕಾಯಿಲೆ ಮರಳಿತೆಂದು ಹೆದರಿದ್ದೆ. ಥಟ್ಟನೆ ನಿಲ್ಲಿಸಿದ್ದರಿಂದ ಹಾಗಾಯಿತೆಂದು ತಿಳಿದದ್ದು ಆಮೇಲೆ.

ಮೂರನೆಯ ಸಲ ಈ ಎರಡು ಸೋಲುಗಳನ್ನೂ ಒಂದು ಹಾಳೆಯಲ್ಲಿ ಬರೆದು ಹೊಸ ಡಾಕ್ಟರ ಮುಂದೆ ಇಟ್ಟೆ. ಅವರು 25ರಿಂದ ಶುರು ಮಾಡಿಸಿದರು. ಹನ್ನೆರಡು ದಿನಗಳಾದ ಮೇಲೆ 50. ಬೆಳಿಗ್ಗೆ ಒಂಬತ್ತಕ್ಕೆ, ಹೊಟ್ಟೆ ತುಂಬ ತಿಂಡಿ ತಿಂದ ಮೇಲೆಯೇ ಮಾತ್ರೆ. ದಿನಕ್ಕೆ ಐದು ಲೋಟ ಕಾಫಿ ಕುಡಿಯುತ್ತಿದ್ದವಳು ಒಂದಕ್ಕೆ ಇಳಿದೆ. ಎದೆ ಡವಗುಟ್ಟುವುದು ಅರ್ಧ ಇಳಿದದ್ದು ಇದರಿಂದಲೇ ಎಂಬುದು ನನ್ನ ಲೆಕ್ಕ. ಭೇದಿ ಐದಾರು ದಿನ ಇತ್ತು. ಗಂಜಿ, ಮಜ್ಜಿಗೆ ಅನ್ನ, ಓಆರ್‌ಎಸ್ ನೀರಿನಲ್ಲಿ ಕಳೆದೆ.

ಇನ್ನು ನನ್ನದೇ ಉಪಾಯ. ಈ ಮಾತ್ರೆಗೆ ನನ್ನ ಕೈ ನಡುಗುತ್ತದೆ. ಅದನ್ನೇ ಅಳತೆಗೋಲು ಮಾಡಿಕೊಂಡೆ. ಅಂಗಡಿ ತೆರೆದ ಕೂಡಲೇ ಕೈಸೂಜಿಗೆ ದಾರ ಪೋಣಿಸಲು ಎಷ್ಟು ಸಲ ಯತ್ನಿಸಬೇಕಾಯಿತೆಂದು ಆರ್ಡರ್ ಪುಸ್ತಕದ ಹಿಂದೆ ಬರೆಯುತ್ತಿದ್ದೆ. ಮಾತ್ರೆಗೆ ಮುಂಚೆ ಒಂದೋ ಎರಡೋ ಸಲ. ನಾಲ್ಕನೆಯ ದಿನ ಒಂಬತ್ತು, ವಾರ ಕಳೆದಾಗ ಐದಾರು. 50ಕ್ಕೆ ಏರಿಸಿದಾಗ ಮತ್ತೆ ಏಳು, ನಾಲ್ಕನೆಯ ವಾರಕ್ಕೆ ಎರಡು. ಅಡ್ಡಪರಿಣಾಮ ಮೊದಲ ದಿನವೇ ಬಂದು ಕೂರುತ್ತದೆ, ಗುಣ ಕಾಣಲು ವಾರಗಟ್ಟಲೆ ಬೇಕು. ಮನಸ್ಸು ಇನ್ನೂ ಕಲ್ಲಿನ ಹಾಗಿದ್ದಾಗ ಆ ಇಳಿಯುವ ಅಂಕಿಯೇ ನನ್ನನ್ನು ಹಿಡಿದು ನಿಲ್ಲಿಸಿತು. ಆ ಎರಡು ಮೂರು ವಾರ ಕತ್ತರಿ ಮುಟ್ಟಲಿಲ್ಲ. ಸೀರೆಗೆ ಫಾಲ್, ಪೆಟಿಕೋಟ್, ದಿಂಬಿನ ಚೀಲ, ಎಲ್ಲಾ ನೇರ ಹೊಲಿಗೆ. ಸುಮಾರು 4,000 ರೂಪಾಯಿ ಸಂಪಾದನೆ ಕಡಿಮೆಯಾಯಿತು, ಆದರೆ ಯಾರ ಬಟ್ಟೆಯೂ ಹಾಳಾಗಲಿಲ್ಲ.

ಐದನೆಯ ದಿನದ ನಸುಕಿನಲ್ಲಿ ಚರ್ಮದೊಳಗೆ ಇರುವೆ ಹರಿದಂಥ ಚಡಪಡಿಕೆ, ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದೆ. ಕನ್ನಡದಲ್ಲೇ ಮಾತನಾಡಿದರು, ಹಣವೇನೂ ಇಲ್ಲ. ಬೆಳಗಾಗುತ್ತಲೇ ಡಾಕ್ಟರಿಗೂ ತಿಳಿಸಿದೆ. ಕೆಲವು ದಿನಗಳ ಮಟ್ಟಿಗೆ ಇನ್ನೊಂದು ಮಾತ್ರೆ ಕೊಟ್ಟರು. ಅಂಗಡಿ ಮುಚ್ಚಿದ ಎರಡು ದಿನ ಅವೇ. ವಾಕರಿಕೆಯನ್ನು ಹಲ್ಲು ಕಚ್ಚಿ ತಾಳಬಹುದು. ಸಾಯುವ ಯೋಚನೆ ಬಂದರೆ ತಾಳಬೇಡಿ, ಆ ಗಳಿಗೆಯಲ್ಲೇ ಮನೆಯವರಿಗೂ ಡಾಕ್ಟರಿಗೂ ಹೇಳಿ. ಇಪ್ಪತ್ತೈದು ವರ್ಷದೊಳಗಿನವರ ಮೇಲೆ ಮೊದಲ ವಾರಗಳಲ್ಲಿ ಮನೆಯವರ ಕಣ್ಣು ಇರಲೇಬೇಕು.

ಬಾಯಿ ಒಣಗುವುದಕ್ಕೆ ಏಲಕ್ಕಿ, ಲವಂಗ, ಉಪ್ಪು ಹಾಕಿ ಒಣಗಿಸಿದ ನೆಲ್ಲಿಕಾಯಿ, ಮೂರನ್ನೂ ಒಂದೊಂದು ವಾರ ನೋಡಿದೆ. ಗೆದ್ದದ್ದು ನೆಲ್ಲಿಕಾಯಿ. ವಾಕರಿಕೆಗೆ ಶುಂಠಿಯ ತಂಬುಳಿ ಮಾಡಿಕೊಂಡೆ. ಅದಕ್ಕೆ ಬೀಳುವ ಇನ್ನೆರಡು ಅಡುಗೆಮನೆಯ ಸಾಮಾನು ನಮ್ಮ ಅಜ್ಜಿಯದು, ಬರೆಯುವುದಿಲ್ಲ. ಸಂಜೆ ಕುಂದುವಾಡ ಕೆರೆಯ ಏರಿಯ ಮೇಲೆ ನಡೆದ ದಿನ ನಿದ್ದೆ ಒಂದು ಗಂಟೆ ಹೆಚ್ಚು ಬರುತ್ತಿತ್ತು. ಅಶ್ವಗಂಧವನ್ನೂ ನೋಡೋಣವೆಂದಿದ್ದೆ, ಡಾಕ್ಟರು ಬೇಡವೆಂದರು, ಬಿಟ್ಟೆ. ತಲೆನೋವಿಗೆ ಐಬುಪ್ರೊಫೇನ್ ನುಂಗಬಾರದೆಂದೂ ಅವರೇ ಹೇಳಿದರು. ಅದೂ ಸರ್ಟ್ರಾಲಿನ್ನೂ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಭಯವಂತೆ. ಪ್ಯಾರಸಿಟಮಾಲ್ ಸಾಕಾಯಿತು.

ಮಾತ್ರೆಯನ್ನು ಈಗ ಜನೌಷಧಿ ಅಂಗಡಿಯಿಂದ ತರುತ್ತೇನೆ. ಮೊದಲು ತಿಂಗಳಿಗೆ 250 ರೂಪಾಯಿಯ ಹತ್ತಿರ ಆಗುತ್ತಿತ್ತು. ಈಗ 100 ದಾಟುವುದಿಲ್ಲ. ಚೀಟಿಯಲ್ಲಿ ಕಂಪನಿ ಇಟ್ಟ ಹೆಸರಲ್ಲ, ಸರ್ಟ್ರಾಲಿನ್ ಎಂಬ ಔಷಧದ ಮೂಲ ಹೆಸರನ್ನೇ ಬರೆಯಿಸಿಕೊಳ್ಳಿ. ಮುಗಿಯುವುದಕ್ಕೆ ವಾರ ಮುಂಚೆಯೇ ತನ್ನಿ, ಒಮ್ಮೆ ಅಲ್ಲಿ ದಾಸ್ತಾನು ಇಲ್ಲದೆ ಮೂರು ಅಂಗಡಿ ಸುತ್ತಿದ್ದೇನೆ.

ಎರಡು ತೊಂದರೆ ಇನ್ನೂ ಹೋಗಿಲ್ಲ. ರಾತ್ರಿ ಹಲ್ಲು ಕಡಿಯುತ್ತೇನೆ, ಬೆಳಿಗ್ಗೆ ದವಡೆ ನೋಯುತ್ತದೆ. ಇನ್ನೊಂದು, ಗಂಡನ ಹತ್ತಿರ ಹೋಗುವ ಆಸೆ ಕಡಿಮೆಯಾಗಿದೆ. ನಾಚಿಕೆಯಿಂದ ಆರು ತಿಂಗಳು ಬಾಯಿ ಬಿಡಲಿಲ್ಲ. ಹೋದ ತಿಂಗಳು ಡಾಕ್ಟರಿಗೆ ಹೇಳಿದೆ. ಇದು ಬಹಳ ಜನರಿಗೆ ಆಗುತ್ತದೆ, ದಾರಿಗಳಿವೆ ಎಂದರು. ಬರುವ ಗುರುವಾರ ಇಬ್ಬರೂ ಹೋಗುತ್ತಿದ್ದೇವೆ.